ಹದಿನಾಲ್ಕನೇ ಕಲಮಿನ ದೋಣಿ

ಈಗ ನಮ್ಮೂರಿನಲ್ಲಿ ಗಾಳಿಯಲ್ಲಿ ಬರುವ ಹಾಡು ಕೇಳಿಸುವ ಪೆಟ್ಟಿಗೆ ಇಲ್ಲದ ಮನೆ ಅಪರೂಪ. ಔಷಧದಂಗಡಿಯವನು ಅದರ ಕಿವಿ ಹಿಂಡುತ್ತಾ, "ಇದೆಲ್ಲ ನಿನ್ನ ತಲೆಗೆ ಹೋಗಲ್ಲ ಬಿಡು ಕಿಲಿಯಾನ್" ಎಂದು ನನಗೇ ಪಾಠ ಹೇಳಲು ಬರುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ. ತಂತಿಯಿಲ್ಲದೆ ಗಾಳಿಯಲ್ಲಿ ಬಂದ ಅಪ್ಪಣೆಯ ಮೇಲೆ ಕೂತು ಸವಾರಿ ಮಾಡಿದವನು ಈ ಊರಿನಲ್ಲಿ ನಾನೊಬ್ಬನೇ. ಅದೂ 1911ರಲ್ಲಿ. ಆಗ ಈ ಔಷಧದಂಗಡಿಯವನ ಮೂಗು ಒರೆಸಲು ಅವನಮ್ಮ ಬೇಕಾಗಿತ್ತು.

ನಾನು ಕಿಲಿಯಾನ್ ಡೋರ್ನ್. ಫ್ರಾಂಕೋನಿಯಾ ಸೀಮೆಯ ರೋಟ್‌ವೈಯರ್ ಊರಿನ ದೊಡ್ಡ ಕೆರೆಯಲ್ಲಿ ಮೂವತ್ತೊಂದು ವರ್ಷ ದೋಣಿ ನಡೆಸಿದವನು. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಮೂರು ಎಂಬ ಅಂಕಿ. ಒಂದನೇ ಬಿಲ್ಲೆಯವನು ಬಿಲ್ಲೆ ಸಮೇತ ಮಣ್ಣು ಸೇರಿದ್ದ, ಎರಡನೆಯವನು ಬಿಲ್ಲೆಯನ್ನೂ ಕಟ್ಟಿಕೊಂಡು ಬಿಯರ್ ಪೀಪಾಯಿ ಮಾರಲು ಫ್ಯೂರ್ತ್‌ಗೆ ಹೊರಟುಹೋಗಿದ್ದ. ಹಾಗಾಗಿ ಆ ಕೆರೆಗೆಲ್ಲ ಪರವಾನಗಿ ಇದ್ದ ಅಂಬಿಗ ಎಂದರೆ ನಾನೊಬ್ಬ. ನಮ್ಮೂರಿನಲ್ಲಿ ಮನುಷ್ಯನಿಗೆ ಹೆಸರಿಗಿಂತ ಮೊದಲು ಹುದ್ದೆ ಬೇಕು. ಅವನ ಹುದ್ದೆಯಲ್ಲಿ ಅರ್ಧ ಹೆಂಡತಿಗೂ ಸೇರುತ್ತದೆ. ನನ್ನ ಹೆಂಡತಿ ಲೋನಿ ಬ್ರೆಡ್ಡಿನ ಅಂಗಡಿಯಲ್ಲಿ "ಪರವಾನಗಿ ಅಂಬಿಗರ ಯಜಮಾನ್ತಿಯವರೇ" ಎಂದು ಕೂಗಿದರೆ ಮಾತ್ರ ತಿರುಗಿ ನೋಡುತ್ತಿದ್ದಳು. ಬರೀ ಲೋನಿ ಎಂದರೆ ಅವಳಿಗೆ ಕಿವಿ ಕೇಳುತ್ತಿರಲಿಲ್ಲ.

ಆ ವರ್ಷ ವಸಂತದಲ್ಲಿ ಪಿಸ್ಟರ್ ಮೇಷ್ಟ್ರು ನನ್ನ ದೋಣಿಕಟ್ಟೆಗೆ ಬಂದರು. ವೋಲ್ಫ್ರಾಮ್ ಪಿಸ್ಟರ್, ಹುಡುಗರ ಶಾಲೆಯಲ್ಲಿ ಲೆಕ್ಕ, ವಿಜ್ಞಾನ ಹೇಳಿಕೊಡುವವರು. ತೆಳ್ಳಗೆ, ಉದ್ದಕ್ಕೆ, ಕೋಟಿನ ತೋಳಿನಲ್ಲಿ ಆಸಿಡ್ ಸುಟ್ಟ ತೂತುಗಳು. ಹಿಂದೆ ಕೈಗಾಡಿಯಲ್ಲಿ ಒಂದು ದೋಣಿ. ಅದರಲ್ಲಿ ಹುಟ್ಟುಗಳಿಲ್ಲ. ಬ್ಯಾಟರಿ ಪೆಟ್ಟಿಗೆಗಳು, ಸಣ್ಣ ಮೋಟಾರು, ನಡುವೆ ಒಂದು ಕಂಬ, ಕಂಬದಿಂದ ಇಳಿದ ತಂತಿ, ತಂತಿಯ ಬುಡದಲ್ಲಿ ಬೆರಳುದ್ದದ ಒಂದು ಗಾಜಿನ ನಳಿಗೆ.

"ಕಿಲಿಯಾನ್, ಈ ನಳಿಗೆ ಒಳಗೆ ಏನಿದೆ ಗೊತ್ತಾ? ಬರೀ ಕಬ್ಬಿಣದ ಅರದ ಪುಡಿ" ಎಂದರು. "ನಾನು ದಡದಲ್ಲಿ ಗುಂಡಿ ಒತ್ತಿದರೆ ಅಲ್ಲಿ ಕಿಡಿ ಹಾರುತ್ತೆ. ಆ ಕಿಡಿಯ ಅಲೆ ಬಂದು ತಾಗಿದ ತಕ್ಷಣ ಈ ಪುಡಿ ಒಂದಕ್ಕೊಂದು ಅಂಟಿಕೊಳ್ಳುತ್ತೆ, ವಿದ್ಯುತ್ತಿಗೆ ದಾರಿ ಬಿಡುತ್ತೆ. ಆಮೇಲೆ ಈ ಪುಟಾಣಿ ಸುತ್ತಿಗೆ ಟಿಕ್ ಅಂತ ಹೊಡೆದು ಮತ್ತೆ ಬಿಡಿಸುತ್ತೆ. ಒಂದು ಟಿಕ್ ಅಂದ್ರೆ ಬಲಕ್ಕೆ. ಎರಡು ಅಂದ್ರೆ ನೇರ. ಮೂರಕ್ಕೆ ಎಡ. ನಾಲ್ಕಕ್ಕೆ ದೀಪ. ಐದಕ್ಕೆ ಗಂಟೆ. ಆರಕ್ಕೆ ನಿಲ್ಲು."

"ಹುಟ್ಟು ಹಾಕೋರು?"

"ಯಾರೂ ಇಲ್ಲ."

"ಚುಕ್ಕಾಣಿ ಹಿಡಿಯೋರು?"

"ಅದೇ ಹೇಳ್ತಿರೋದಲ್ವಾ, ದೋಣೀಲಿ ಯಾರೂ ಇರಲ್ಲ!"

ನನಗೆ ಮೊದಲು ನಗು ಬಂತು, ಆಮೇಲೆ ವಿಷಯ ಹೊಳೆಯಿತು. ಯಾರೂ ಇಲ್ಲದ ದೋಣಿಯಲ್ಲಿ ನಾನೂ ಇರುವುದಿಲ್ಲವಲ್ಲ. ಆದರೆ ಮೇಷ್ಟ್ರ ಕಣ್ಣಿನಲ್ಲಿ ಒಂದು ಬಗೆಯ ಹಸಿವಿತ್ತು. ಒಂಬತ್ತು ವರ್ಷದ ಸಂಬಳವನ್ನೆಲ್ಲ ಈ ದೋಣಿಗೆ ಸುರಿದಿದ್ದರು. ಹೊಸ ಯಂತ್ರಗಳಿಗೆ ಹಕ್ಕುಪತ್ರ ಕೊಡುವ ಬರ್ಲಿನ್ನಿನ ಕಚೇರಿಗೆ ಬರೆದದ್ದಕ್ಕೆ ಉತ್ತರವೂ ಬಂದಿತ್ತು. ಜೇಬಿನಿಂದ ತೆಗೆದು ತೋರಿಸಿದರು. ದೋಣಿಯಲ್ಲಿ ನಡೆಸುವವರು ಯಾರೂ ಇಲ್ಲದೆ ಅದು ತಿರುಗಿತು, ನಿಂತಿತು ಎಂದು ಸ್ಥಳೀಯ ಅಧಿಕಾರಿಯೊಬ್ಬರು ಮೊಹರು ಹಾಕಿದ ಕಾಗದ ಕೊಟ್ಟರೆ ಮುಂದಿನ ವಿಚಾರ, ಇಲ್ಲವಾದರೆ ದಯವಿಟ್ಟು ಮತ್ತೆ ಬರೆಯಬೇಡಿ ಎಂದಿತ್ತು. ಶಾಲೆಯ ಹೆಡ್ಮಾಸ್ಟರು ಬೇರೆ ಗಡುವು ಕೊಟ್ಟಿದ್ದರು. ಸೆಪ್ಟೆಂಬರ್ ಮುಗಿಯುವುದರೊಳಗೆ ಒಂದೋ ಈ ಕಿಡಿಯಾಟ ಬಿಡಬೇಕು, ಇಲ್ಲ ಕೆಲಸ ಬಿಡಬೇಕು.

"ಒಂದು ಕಾಗದ ಕಿಲಿಯಾನ್. ಒಂದೇ ಒಂದು ಮೊಹರಿನ ಕಾಗದ ಸಿಕ್ಕಿಬಿಟ್ರೆ ಸಾಕು ನಂಗೆ."

ಮೊಹರು ಇದ್ದದ್ದು ಕೆರೆಯ ಇನ್ಸ್‌ಪೆಕ್ಟರ್ ಆಲ್ಬಿನ್ ಶ್ನೆಪ್ ಅವರ ಬಳಿ. ಅವರ ಕೋಟಿನ ಎರಡು ಜೇಬುಗಳಲ್ಲಿ ಎರಡು ಪುಸ್ತಕ. ಎಡಗಡೆಯದು ಬಿಳಿ, ಅರ್ಜಿ ಮತ್ತು ಪ್ರಮಾಣಪತ್ರಗಳಿಗೆ. ಬಲಗಡೆಯದು ಹಳದಿ, ಕೆರೆಯ ನಿಯಮ ಮುರಿದವರಿಗೆ. ಬಿಳಿ ಪುಸ್ತಕದ ಹೊದಿಕೆ ಕೊಂಡ ದಿನದಷ್ಟೇ ಹೊಳೆಯುತ್ತಿತ್ತು. ಹಳದಿಯದರ ಮೂಲೆಗಳು ಬೆರಳಾಡಿ ಆಡಿ ಕರ್ರಗಾಗಿದ್ದವು. ನಾನು ದೋಣಿ ಕಟ್ಟುವ ಮುಂಚೆ ಪೈಪು ಹಚ್ಚಿದ್ದಕ್ಕೆ ಒಮ್ಮೆ ಹಳದಿ ಹಾಳೆ ಹರಿದುಕೊಟ್ಟಿದ್ದರು. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ದಡದಿಂದ ಎಷ್ಟು ಹೆಜ್ಜೆ ದೂರದಲ್ಲಿ, ಹೊಗೆ ಯಾವ ದಿಕ್ಕಿಗೆ ಹೋಯಿತು, ಎಲ್ಲವನ್ನೂ ಅದರಲ್ಲಿ ಬರೆದಿದ್ದರು.

ಶ್ನೆಪ್ ಮೇಷ್ಟ್ರ ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು.

"ಮೇಷ್ಟ್ರೇ, ಇದು ಆಗೋ ಕೆಲಸ ಅಲ್ಲ. ಹದಿನಾಲ್ಕನೇ ಕಲಮು ಏನು ಹೇಳುತ್ತೆ? ಕೆರೆ ಮೇಲೆ ಚಲಿಸೋ ಯಾವ ದೋಣೀಲೇ ಆಗಲಿ, ಪರವಾನಗಿ ಇರೋ ಅಂಬಿಗ ಕೂತಿರಲೇಬೇಕು."

"ಆದ್ರೆ ಸ್ವಾಮಿ, ಯಾರೂ ಇಲ್ಲದೆ ಹೋಗುತ್ತೆ ಅನ್ನೋದನ್ನೇ ತೋರಿಸಬೇಕಾಗಿರೋದು."

"ತೋರಿಸಿ. ಯಾರು ಬೇಡ ಅಂದ್ರು? ಅಂಬಿಗನ್ನ ಕೂರಿಸ್ಕೊಂಡು ತೋರಿಸಿ."

ಈ ಕಲಮು ಹುಟ್ಟಿದ ಕಥೆ ಊರಿಗೆಲ್ಲ ಗೊತ್ತು. 1874ರಲ್ಲಿ ಕಟ್ಟು ಬಿಚ್ಚಿಕೊಂಡ ಖಾಲಿ ದೋಣಿಯೊಂದು ಗಾಳಿಗೆ ತೇಲಿಹೋಗಿ, ನಗರಸಭೆಯ ಸದಸ್ಯರೊಬ್ಬರ ಹೆಂಡತಿ ಸ್ನಾನ ಮಾಡುತ್ತಿದ್ದ ಮರದ ಗೂಡಿಗೆ ಗುದ್ದಿತ್ತು. ಗೂಡು ಬಿತ್ತು. ಅವತ್ತು ಊರು ಏನನ್ನು ನೋಡಿತೋ ಅದು ಯಾವ ಕಡತದಲ್ಲೂ ಇಲ್ಲ, ಕಲಮು ಮಾತ್ರ ಉಳಿಯಿತು.

ಹೀಗೆ, ಯಾರೂ ಇರಬಾರದಾದ ದೋಣಿಯಲ್ಲಿ ಕೂರುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಪರೀಕ್ಷೆ ಪೆಂಟೆಕೋಸ್ಟ್ ಹಬ್ಬದ ಸೋಮವಾರ. ಚೆಸ್ಟ್‌ನಟ್ ಮರಗಳ ಕೆಳಗಿನ ಬಿಯರ್ ತೋಟ ತುಂಬಿ ತುಳುಕುತ್ತಿತ್ತು. ಜನ ಮೂಲಂಗಿ ಕಡಿಯುತ್ತಾ, ಸಾಸೇಜು ನುಂಗುತ್ತಾ, ಬ್ಯಾಂಡಿನವರನ್ನು ಬೈಯುತ್ತಾ ಕೂತಿದ್ದರು. ಶ್ನೆಪ್ ಮತ್ತು ನಗರಸಭೆಯ ಇಬ್ಬರು ಸೇರಿದ ಸಮಿತಿಗೆ ಮುಂದಿನ ಮೇಜು. ಮೇಷ್ಟ್ರು ದಡದಲ್ಲಿ ಕಂಬ ನೆಟ್ಟು, ಪೆಟ್ಟಿಗೆಯ ಮುಂದೆ ಮಂಡಿಯೂರಿದರು.

"ಕಿಲಿಯಾನ್, ಏನೂ ಮಾಡಬೇಡ. ಸುಮ್ಮನೆ ಕೂತಿರು" ಎಂದು ನನಗೆ ಹತ್ತು ಸಲ ಹೇಳಿದ್ದರು.

ಏನೂ ಮಾಡದಿರುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು. ಸರ್ಕಾರಿ ನೌಕರರ ಮೇಲೆ ಅದಕ್ಕೆ ಮೊದಲು ನನಗಿಲ್ಲದ ಗೌರವ ಮೂಡಿತು. ಕೈ ಎಲ್ಲಿಡಬೇಕು ಗೊತ್ತಾಗದೆ ಒಮ್ಮೆ ತೊಡೆಯ ಮೇಲೆ, ಒಮ್ಮೆ ಮೀಸೆಯ ಮೇಲೆ ಇಟ್ಟುಕೊಂಡೆ. ದಡದಲ್ಲಿ ಚಟ್ ಎಂದು ನೀಲಿ ಕಿಡಿ ಹಾರಿತು. ನನ್ನ ಮಗ್ಗುಲಲ್ಲಿ ಸುತ್ತಿಗೆ ಟಿಕ್ ಎಂದಿತು. ಚುಕ್ಕಾಣಿ ತಾನಾಗಿ ತಿರುಗಿತು, ದೋಣಿ ಬಲಕ್ಕೆ ಹೊರಳಿತು. ನನ್ನ ಮೈ ಜುಮ್ಮೆಂದಿತು. ಕಾಣದ ಯಾರೋ ಬಂದು ಮೆಲ್ಲಗೆ ಬಾಗಿಲು ತಟ್ಟಿದ ಹಾಗಿತ್ತು. ಮೂರು ಟಿಕ್, ಎಡಕ್ಕೆ. ನಾಲ್ಕು ಟಿಕ್, ಹಗಲಿನಲ್ಲೇ ದೀಪ ಹತ್ತಿತು. ಐದಕ್ಕೆ ಗಂಟೆ. ನಾನು ದೇವರಾಣೆಗೂ ಒಂದು ಬೆರಳನ್ನೂ ಆಡಿಸಲಿಲ್ಲ.

ದಡಕ್ಕೆ ಬಂದಾಗ ಚಪ್ಪಾಳೆಯೋ ಚಪ್ಪಾಳೆ. "ಶಭಾಷ್ ಕಿಲಿಯಾನ್! ಎಂಥಾ ತಿರುವು ಮಾರಾಯ!" ಎಂದು ಜನ ಬಿಯರ್ ಲೋಟ ಎತ್ತಿದರು.

ಇಲ್ಲಿ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಎದ್ದು ನಿಂತೆ. ಟೋಪಿ ತೆಗೆದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಗ್ಗಿ ನಮಸ್ಕಾರ ಮಾಡಿದೆ. ಮೂವತ್ತೊಂದು ವರ್ಷದಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ, ಏನು ಮಾಡಲಿ! ಅಷ್ಟಕ್ಕೇ ನಿಲ್ಲಲಿಲ್ಲ. ಅವತ್ತು ಸಂಜೆ ಪಡಖಾನೆಯಲ್ಲಿ ಕಟುಕ ಫೈಟ್ ಎಂಬವನು ನನ್ನ ಪಕ್ಕೆ ತಿವಿದ.

"ಲೋ, ನಿಜ ಹೇಳು. ಮೊಣಕಾಲಲ್ಲಿ ತಿರುಗಿಸ್ತಿದ್ದೆ ತಾನೆ?"

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವನು ಒಂದು ಬಿಯರ್ ತರಿಸಿದ್ದ, ಸುತ್ತ ಎಂಟು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮೀಸೆ ತಿರುವಿ ನಕ್ಕೆ ಅಷ್ಟೆ.

ಮೂರನೇ ದಿನ ಸಮಿತಿಯ ಕಾಗದ ಬಂತು. ದೋಣಿಯನ್ನು ಪರವಾನಗಿ ಅಂಬಿಗ ಡೋರ್ನ್ ಅತ್ಯಂತ ಚಾತುರ್ಯದಿಂದ ನಡೆಸಿದನು, ಪ್ರೇಕ್ಷಕರ ಮೆಚ್ಚುಗೆಯನ್ನು ಎದ್ದು ನಿಂತು ಸ್ವೀಕರಿಸಿದನು, ವಿಚಾರಿಸಿದಾಗ ನಿರಾಕರಿಸಲಿಲ್ಲ, ಆದಕಾರಣ ತಂತಿಯಿಲ್ಲದ ಅಲೆಗಳ ಪಾತ್ರ ಕಂಡುಬಂದಿಲ್ಲ. ಮೇಷ್ಟ್ರು ಅದನ್ನು ನನ್ನೆದುರೇ ಓದಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಗಾಜಿನ ನಳಿಗೆಯನ್ನು ಬಿಚ್ಚಿ ಕರವಸ್ತ್ರದಲ್ಲಿ ಒರೆಸುತ್ತಾ ಕೂತರು, ಅಷ್ಟೇ.

"ಮೇಷ್ಟ್ರೇ, ಇನ್ನೊಂದು ಸಲ ಮಾಡಿ. ನನ್ನ ಕೈ ಕಾಲು ಕಟ್ಟಿಹಾಕಿ" ಎಂದೆ.

ಜುಲೈನಲ್ಲಿ ಹಾಗೇ ಮಾಡಿದರು. ಸಮಿತಿಯವರೇ ಬಂದು ನನ್ನ ಕೈಗಳನ್ನು ಹಿಂದಕ್ಕೆ ಕಟ್ಟಿ, ಕಾಲುಗಳನ್ನು ಮೂಟೆಯ ಹಗ್ಗದಿಂದ ಬಿಗಿದು, ಕಣ್ಣಿಗೂ ಬಟ್ಟೆ ಸುತ್ತಿದರು. ಲೋನಿ ದಡದಲ್ಲಿ ನಿಂತು, "ಅವನೇನು ಕಳ್ಳನಾ?" ಎಂದು ಕಿರುಚಿದಳು. ದೋಣಿ ಬಲಕ್ಕೆ ತಿರುಗಿತು, ಎಡಕ್ಕೆ ತಿರುಗಿತು, ಗಂಟೆ ಬಾರಿಸಿತು, ಮೇಷ್ಟ್ರು ಬಯಸಿದಲ್ಲಿ ನಿಂತಿತು. ಜನಕ್ಕೆ ಮೊದಲಿಗಿಂತ ಹತ್ತು ಪಾಲು ಖುಷಿಯಾಯಿತು.

ಸಮಿತಿ ಈ ಸಲ ಇನ್ನೂ ಚೆನ್ನಾಗಿ ಬರೆಯಿತು. ನುರಿತ ಅಂಬಿಗನು ಕೈಕಾಲು ಇಲ್ಲದೆಯೂ ದೇಹದ ಭಾರವನ್ನು ಅತ್ತಿತ್ತ ವಾಲಿಸಿ ದೋಣಿಯನ್ನು ತಿರುಗಿಸಬಲ್ಲನು, ಇದು ನಮ್ಮ ಫ್ರಾಂಕೋನಿಯಾದ ಹಿರಿಯರಿಂದ ಬಂದ ವಿದ್ಯೆ, ಇದನ್ನು ಉಳಿಸಿಕೊಂಡಿರುವ ಡೋರ್ನ್‌ನಿಗೆ ಸಮಿತಿಯ ಅಭಿನಂದನೆಗಳು. ದೀಪ ಹೇಗೆ ಹತ್ತಿತು, ಗಂಟೆ ಹೇಗೆ ಬಡಿಯಿತು ಎಂಬುದಕ್ಕೆ ಒಂದು ಮಾತೂ ಇರಲಿಲ್ಲ. ಅಂಥ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ನನ್ನ ಅಪ್ಪ ಗುಂಡಿ ಹೊಲಿಯುವ ದರ್ಜಿ.

ಆಮೇಲೆ ಮೇಷ್ಟ್ರು ದೋಣಿಕಟ್ಟೆಗೆ ಬರುವುದು ಕಡಿಮೆಯಾಯಿತು. ಆಗಸ್ಟ್ ಕೊನೆಗೆ ಒಂದು ದಿನ ಬಂದು, "ಬ್ಯಾಟರಿಗಳನ್ನ ಟ್ರಾಮ್ ಕಂಪನಿಯವರು ಕೇಳ್ತಿದಾರೆ. ಕೊಟ್ಟುಬಿಡ್ತೀನಿ" ಎಂದರು. ಗಡ್ಡ ಬೋಳಿಸಿರಲಿಲ್ಲ. "ಹುಡುಗರಿಗೆ ಭಿನ್ನರಾಶಿ ಹೇಳ್ಕೊಟ್ಕೊಂಡು ಇದ್ದುಬಿಡ್ತೀನಿ ಕಿಲಿಯಾನ್. ಅದನ್ನಾದ್ರೂ ಯಾರೋ ಒಬ್ಬಿಬ್ಬರು ನಂಬ್ತಾರೆ."

ನನಗೆ ಅವತ್ತು ಊಟ ಸೇರಲಿಲ್ಲ. ಆ ಮನುಷ್ಯನ ಒಂಬತ್ತು ವರ್ಷವನ್ನು ನಾನು ಒಂದು ಲೋಟ ಬಿಯರಿಗೆ ನುಂಗಿದ್ದೆ. ಮರುದಿನ ಬೆಳಿಗ್ಗೆಯೇ ಟೋಪಿ ಒರೆಸಿಕೊಂಡು ಶ್ನೆಪ್ ಕಚೇರಿಗೆ ಹೋದೆ.

"ಸ್ವಾಮಿ, ನಾನು ನಡೆಸಲಿಲ್ಲ. ಎರಡು ಸಲಾನೂ ನಡೆಸಲಿಲ್ಲ. ಹಾಗಂತ ಬರ್ಕೊಳ್ಳಿ."

"ನಡೆಸಲಿಲ್ಲ ಅನ್ನೋದನ್ನ ಎಲ್ಲಿ ಬರೀಲಿ?" ಶ್ನೆಪ್ ಬಿಳಿ ಪುಸ್ತಕ ತೆಗೆದು ನನ್ನ ಮುಂದೆ ಹಿಡಿದರು. "ನೋಡು. ನಡೆಸಿದವರ ಹೆಸರು ಅಂತ ಜಾಗ ಇದೆ. ನಡೆಸದೇ ಇದ್ದವರ ಹೆಸರು ಅಂತ ಇದೆಯಾ? ಈ ಊರಲ್ಲಿ ಆರು ಸಾವಿರ ಜನ ಅವತ್ತು ದೋಣಿ ನಡೆಸಲಿಲ್ಲ. ಎಲ್ಲರ ಹೆಸರೂ ಬರೀಲಾ?"

"ಖಾಲಿ ದೋಣಿ ಒಂದೇ ಒಂದು ಸಲ ಬಿಡೋಕೆ ಒಪ್ಪಿಗೆ ಕೊಡಿ ಹಾಗಾದ್ರೆ."

"ಕಲಮು ಹದಿನಾಲ್ಕು. ಖಾಲಿ ದೋಣಿ ಕೆರೇಲಿ ಓಡಾಡಿದ್ರೆ ನಾನು ಸುಮ್ನೆ ಇರ್ತೀನಾ? ಪ್ರತಿ ಹೆಜ್ಜೆ ಬರೀತೀನಿ!" ಎಂದು ಬಲಗಡೆಯ ಜೇಬು ತಟ್ಟಿಕೊಂಡರು.

ಬಾಗಿಲವರೆಗೆ ಹೋದವನು ಅಲ್ಲೇ ನಿಂತೆ. ತಿರುಗಿ ಆ ಜೇಬನ್ನು ನೋಡಿದೆ.

"ಏನಯ್ಯಾ, ಇನ್ನೇನು?"

"ಏನಿಲ್ಲ ಸ್ವಾಮಿ. ಹಳದಿ ಹಾಳೆಗೂ ಮೊಹರು ಹಾಕ್ತೀರಲ್ವಾ?"

"ಮೊಹರಿಲ್ಲದ ತಪ್ಪು ಈ ಊರಲ್ಲಿ ಯಾವುದಾದ್ರೂ ಇದೆಯಾ?" ಎಂದರು ಶ್ನೆಪ್, ಹೆಮ್ಮೆಯಿಂದ.

ಸೀದಾ ಮೇಷ್ಟ್ರ ಮನೆಗೆ ಹೋಗಿ ಬ್ಯಾಟರಿ ಕೊಡಬೇಡಿ, ಇನ್ನೊಂದು ಪರೀಕ್ಷೆ ಕೇಳಿ ಎಂದು ಗೋಗರೆದೆ. ಯಾಕೆ ಎಂದು ಹೇಳಲಿಲ್ಲ. ಹೇಳಿದ್ದರೆ ಒಪ್ಪುತ್ತಿರಲಿಲ್ಲ. ಸಮಿತಿ ನಗುನಗುತ್ತಾ ಒಪ್ಪಿತು, ನನ್ನ ವಾಲಾಟ ನೋಡಲು ನ್ಯೂರ್ನ್‌ಬರ್ಗಿನಿಂದ ನೆಂಟರನ್ನು ಕರೆಸಿಕೊಂಡವರೂ ಇದ್ದರು. ದಿನ ಗೊತ್ತಾಯಿತು, ಸೆಪ್ಟೆಂಬರ್ ಹದಿನೇಳು, ಭಾನುವಾರ. ನಮ್ಮದು ಗೆಂಡೆ ಮೀನಿನ ಕೆರೆ. ಆ ತಿಂಗಳ ಕೊನೆಗೆ ತೂಬು ತೆರೆದು ನೀರು ಬಿಟ್ಟು ಮೀನು ಬಾಚುತ್ತಾರೆ. ಅದಾದ ಮೇಲೆ ವಸಂತದವರೆಗೆ ಅಲ್ಲಿ ಬರೀ ಹೂಳು.

ಅವತ್ತು ಬೆಳಿಗ್ಗೆ ಬಿಲ್ಲೆಯನ್ನು ಬೂದಿ ಹಾಕಿ ತಿಕ್ಕಿದೆ. ಆಮೇಲೆ ಗಡಿಯಾರ ಬಿಚ್ಚಿ ಅಲಮಾರಿನಲ್ಲಿಟ್ಟೆ. ಒಳ್ಳೆಯ ಬೂಟು ಬಿಟ್ಟು ಹಳೆಯದನ್ನು ಹಾಕಿಕೊಂಡೆ. ಲೋನಿ ಎಲ್ಲವನ್ನೂ ಒಲೆಯ ಪಕ್ಕದಿಂದಲೇ ನೋಡಿದಳು.

"ಕಿಲಿಯಾನ್, ನೀನು ನೀರಿಗೆ ಬೀಳ್ತೀಯಾ?"

"ಬೀಳಲ್ಲ ಕಣೇ. ಇಳೀತೀನಿ."

"ನಡು ಕೆರೇಲಿ ದೋಣಿ ಬಿಟ್ಟು ಇಳಿದ್ರೆ ಪರವಾನಗಿ ಹೋಗುತ್ತೆ."

"ಹೋಗುತ್ತೆ."

ಅವಳು ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. ಬ್ರೆಡ್ಡಿನ ಅಂಗಡಿಯ ನೆನಪಾಗಿರಬೇಕು. ಆಮೇಲೆ, "ದಪ್ಪ ಕಾಲುಚೀಲ ಹಾಕ್ಕೋ, ತಳದಲ್ಲಿ ಚಿಪ್ಪು ಇರುತ್ತೆ" ಎಂದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ನನಗೆ ಅಷ್ಟು ಹತ್ತಿರವಾದದ್ದು ಅವತ್ತೇ.

ಮಧ್ಯಾಹ್ನ ಮೂರಕ್ಕೆ ದೋಣಿ ಹೊರಟಿತು. ಈ ಸಲ ಕಟ್ಟಿರಲಿಲ್ಲ, ಜನಕ್ಕೆ ವಾಲುವುದು ಸರಿಯಾಗಿ ಕಾಣಲಿ ಎಂದು ಸಮಿತಿಯೇ ಬಿಟ್ಟಿತ್ತು. ನಡುಗೆರೆಗೆ ಬಂದಾಗ ಎದ್ದು ನಿಂತೆ. ಜನ ಆಗಲೇ ಚಪ್ಪಾಳೆ ಶುರುಮಾಡಿದರು. ಟೋಪಿಯನ್ನು ತಲೆಗೆ ಭದ್ರವಾಗಿ ಒತ್ತಿಕೊಂಡೆ. ಅದನ್ನೇನಾದರೂ ದೋಣಿಯಲ್ಲಿ ಬಿಟ್ಟಿದ್ದರೆ, ಅಂಬಿಗನ ಟೋಪಿ ದೋಣಿ ನಡೆಸಿತು ಎಂದು ಬರೆಯುವ ಜನ ಅವರು. ಬಿಲ್ಲೆ ಎದೆಯ ಮೇಲಿದೆಯೇ ಎಂದು ಮುಟ್ಟಿ ನೋಡಿಕೊಂಡೆ. ಆಮೇಲೆ ನೀರಿಗೆ ಕಾಲಿಟ್ಟೆ.

ನೀರು ಎದೆಮಟ್ಟ. ಆದರೆ ಹೂಳು ತೊಡೆಮಟ್ಟ. ನೆಟ್ಟ ಗೂಟದ ಹಾಗೆ ನಿಂತುಬಿಟ್ಟೆ, ಅಲ್ಲಾಡಲು ಆಗಲಿಲ್ಲ. ದಡದಲ್ಲಿ ಹಾಹಾಕಾರ. ಹೆಂಗಸರು ಚೀರಿದರು. ಬ್ಯಾಂಡಿನವರಿಗೆ ಏನು ತೋಚಿತೋ, ಚರಮಗೀತೆ ಶುರುಮಾಡಿದರು. ಮೇಷ್ಟ್ರು ಗುಂಡಿಯಿಂದ ಕೈ ತೆಗೆದು ಹೆಣದ ಹಾಗೆ ಬಿಳಿಚಿಕೊಂಡಿದ್ದರು. ಖಾಲಿ ದೋಣಿ ನನ್ನನ್ನು ಬಿಟ್ಟು ನೇರ ತೂಬಿನ ಕಡೆಗೆ ಹೊರಟಿತು.

"ಮೇಷ್ಟ್ರೇ! ಒತ್ತಿ! ನಂಗೇನೂ ಆಗಿಲ್ಲ, ಒತ್ತಿ ಗುಂಡಿ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಅವರು ನನ್ನನ್ನು ನೋಡಿದರು. ಎದ್ದು ನಿಂತು ಬಲಜೇಬಿಗೆ ಕೈ ಹಾಕಿದ್ದ ಶ್ನೆಪ್ ಕಡೆಗೂ ನೋಡಿದರು. ಹಳದಿ ಪುಸ್ತಕ ಹೊರಗೆ ಬಂತು. ಮೇಷ್ಟ್ರಿಗೆ ಈಗ ಅರ್ಥವಾಯಿತು.

ಚಟ್. ದೋಣಿ ಬಲಕ್ಕೆ ತಿರುಗಿತು.

"ಮೂರು ಗಂಟೆ ಒಂಬತ್ತು ನಿಮಿಷ!" ಶ್ನೆಪ್ ಗಡಿಯಾರ ನೋಡುತ್ತಾ ಕೂಗಿ ಬರೆದುಕೊಂಡರು. "ಅಂಬಿಗನಿಲ್ಲದ ದೋಣಿ, ಬಲಕ್ಕೆ ತಿರುವು! ಒಂದನೇ ಉಲ್ಲಂಘನೆ! ಮೇಷ್ಟ್ರೇ, ನಿಲ್ಸಿ ಇದನ್ನ!"

ಚಟ್ ಚಟ್ ಚಟ್.

"ಎಡಕ್ಕೆ! ಎರಡನೇ ಉಲ್ಲಂಘನೆ! ಇದೇನು ಉದ್ಧಟತನ!"

ದೀಪ ಹತ್ತಿತು. ಶ್ನೆಪ್‌ಗೆ ಕಲಮು ಹುಡುಕಲು ಅರೆಗಳಿಗೆ ಬೇಕಾಯಿತು. ಇಪ್ಪತ್ತೆರಡನೇ ಕಲಮು, ಕಾವಲಿಲ್ಲದ ಬೆಂಕಿ. ಗಂಟೆ ಬಡಿಯಿತು. ಮೂವತ್ತನೇ ಕಲಮು, ಭಾನುವಾರ ಅಪ್ಪಣೆಯಿಲ್ಲದ ಸದ್ದು. ದೋಣಿ ನನ್ನ ಸುತ್ತ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಪ್ರತಿ ಸುತ್ತಿಗೂ ಶ್ನೆಪ್ ಒಂದು ಹಾಳೆ ತಿರುಗಿಸಿದರು. ಮೇಷ್ಟ್ರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ಗುಂಡಿ ಒತ್ತುತ್ತಲೇ ಇದ್ದರು. ದೋಣಿ ನನ್ನ ಮುಂದಿನಿಂದ ಹೋಗುವಾಗ ಒಳಗೆ ನೋಡಿದೆ. ನಾನು ಕೂರುತ್ತಿದ್ದ ಹಲಗೆ ಖಾಲಿಯಿತ್ತು, ಆ ಪುಟಾಣಿ ಸುತ್ತಿಗೆ ಒಂದೇ ಟಿಕ್ ಟಿಕ್ ಎಂದು ಕೆಲಸ ಮಾಡುತ್ತಿತ್ತು. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಎಷ್ಟು ಚೆನ್ನಾಗಿ ತಿರುಗಿತು ಅದು! ನಾನು ಅಷ್ಟು ಚೆನ್ನಾಗಿ ಯಾವತ್ತೂ ತಿರುಗಿಸಿರಲಿಲ್ಲ.

ಕೊನೆಗೆ ಶ್ನೆಪ್, "ಈ ಕ್ಷಣವೇ ದೋಣೀನ ನನ್ನ ಕಾಲ ಬುಡಕ್ಕೆ ತಂದು ನಿಲ್ಸಿ! ಇದು ಅಧಿಕೃತ ಆಜ್ಞೆ!" ಎಂದು ಗುಡುಗಿದರು.

ಮೇಷ್ಟ್ರು ತಂದು ನಿಲ್ಲಿಸಿದರು. ಸರಿಯಾಗಿ ಅವರ ಬೂಟಿನ ಮುಂದೆ. ಶ್ನೆಪ್ ಅದನ್ನೂ ಬರೆದುಕೊಂಡರು.

ಈ ಗದ್ದಲದಲ್ಲಿ ನಾನು ಕೆರೆಯಲ್ಲಿರುವುದನ್ನು ಎಲ್ಲರೂ ಮರೆತರು. ಮುಕ್ಕಾಲು ಗಂಟೆಯ ಮೇಲೆ ಮೀನು ಬಾಚುವವರು ಹಲಗೆ ತಂದು ನನ್ನನ್ನು ಕಿತ್ತರು. ಒಂದು ಬೂಟು ಇವತ್ತಿಗೂ ಅಲ್ಲೇ ಇದೆ.

ಗುರುವಾರ ಕಾಗದ ಬಂತು. ಎರಡೂವರೆ ಪುಟ. ಅಂಬಿಗ ಡೋರ್ನ್ ಮೈಮೇಲೆ ಟೋಪಿ, ಬಿಲ್ಲೆ ಸಹಿತ ಕೆರೆಯ ಹೂಳಿನಲ್ಲಿ ಅಲುಗದೆ ನಿಂತಿದ್ದಾಗ, ಅವನ ವಶದಲ್ಲಿರಬೇಕಾಗಿದ್ದ ದೋಣಿಯು, ಅದರಲ್ಲಿ ಯಾವೊಬ್ಬ ಮನುಷ್ಯನೂ ಇಲ್ಲದೆ, ದಡದಲ್ಲಿ ಎಂಬತ್ತು ಹೆಜ್ಜೆ ದೂರ ಇದ್ದ ಶಿಕ್ಷಕ ಪಿಸ್ಟರ್ ಗುಂಡಿ ಒತ್ತಿದಂತೆಲ್ಲ, ಬಲಕ್ಕೆ ಏಳು ಬಾರಿ, ಎಡಕ್ಕೆ ನಾಲ್ಕು ಬಾರಿ ತಿರುಗಿ, ದೀಪ ಹಚ್ಚಿ, ಗಂಟೆ ಬಾರಿಸಿ, ಹನ್ನೊಂದು ನಿಮಿಷ ಸಂಚರಿಸಿ, ಸಹಿ ಮಾಡಿದವರ ಆಜ್ಞೆಯ ಮೇರೆಗೆ ಅವರ ಮುಂದೆ ಬಂದು ನಿಂತಿತು. ಇದು ನಿಸ್ಸಂಶಯವಾಗಿ ರುಜುವಾತಾಗಿದೆ. ಆದುದರಿಂದ ಪರವಾನಗಿ ಮೂರನ್ನು ಈ ಮೂಲಕ ರದ್ದುಪಡಿಸಲಾಗಿದೆ. ಕೆಳಗೆ ಸಮಿತಿಯ ಮೂವರ ಸಹಿ. ಮೊಹರು ದೊಡ್ಡದು, ಕೆಂಪಗೆ, ಅದರಲ್ಲಿ ಕೊರೆದ ಹದ್ದಿನ ರೆಕ್ಕೆಯ ಗರಿಗಳನ್ನೆಲ್ಲ ಎಣಿಸುವಷ್ಟು ಸ್ಪಷ್ಟ.

ಬಿಲ್ಲೆ ಬಿಚ್ಚಿ ಶ್ನೆಪ್ ಕೈಗೆ ಕೊಟ್ಟೆ. ಬಿಚ್ಚಿದ ಮೇಲೆ ಕೋಟಿನ ಮೇಲೆ ಬಣ್ಣ ಮಾಸದ ದುಂಡನೆಯ ಗುರುತು ಉಳಿಯಿತು. ಅದನ್ನು ನೋಡಿ ಅಳು ಬಂತು, ಬೀದಿಯಲ್ಲೇ ಅತ್ತೆ. ಅಲ್ಲಿಂದ ಆ ಕಾಗದ ಹಿಡಿದು ಮೇಷ್ಟ್ರ ಮನೆಗೆ ಹೋದೆ.

ಅವರು ಓದಿದರು. ಎರಡನೇ ಸಲ ಗಟ್ಟಿಯಾಗಿ ಓದಿದರು.

"ಇಷ್ಟು ನಿಖರವಾಗಿ ನಾನೂ ಬರೀತಿರಲಿಲ್ಲ" ಎಂದರು. ಆಮೇಲೆ ಕಾಗದ ಕೆಳಗಿಟ್ಟರು. "ಆದ್ರೆ ಕಿಲಿಯಾನ್, ನಿನ್ನ ಪರವಾನಗಿ..."

"ಆ ಬಿಯರಿನ ಋಣ ಮೇಷ್ಟ್ರೇ. ಬರ್ಲಿನ್‌ಗೆ ಕಳ್ಸಿ."

ಮನೆಗೆ ಬಂದು ಲೋನಿಗೆ ಕಾಗದದಲ್ಲಿ ಇದ್ದದ್ದನ್ನೆಲ್ಲ ಹೇಳಿದೆ. ಅವಳು ಆಲೂಗಡ್ಡೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಮೂವತ್ತೊಂದು ವರ್ಷ ದೋಣಿ ನಡೆಸಿದೆ. ಯಾರೂ ಒಂದು ಸಾಲು ಬರೀಲಿಲ್ಲ ನಿನ್ನ ಬಗ್ಗೆ" ಎಂದಳು. "ಒಂದು ದಿನ ನಡೆಸದೇ ನಿಂತೆ ನೋಡು, ಎರಡೂವರೆ ಪುಟ!"

ಬರ್ಲಿನ್‌ನವರು ಒಪ್ಪಿದರು. ಮೊಹರು ಅಸಲಿ, ಸಾಕ್ಷಿಗಳು ನಿಷ್ಪಕ್ಷಪಾತಿಗಳು, ಅದರಲ್ಲೂ ಅರ್ಜಿದಾರರಿಗೆ ಪ್ರತಿಕೂಲವಾಗಿಯೇ ಬರೆದಿರುವುದರಿಂದ ಸಂಪೂರ್ಣ ನಂಬಲರ್ಹ ಎಂದು ಉತ್ತರಿಸಿದರು. ಹೆಡ್ಮಾಸ್ಟರು ಮೇಷ್ಟ್ರನ್ನು ಮೊದಲು ಗುರುತಿಸಿದ್ದೇ ತಾವು ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ನಮ್ಮ ನಗರಸಭೆಯೂ ಹಿಂದೆ ಬೀಳಲಿಲ್ಲ, ಚಳಿಗಾಲದಲ್ಲಿ ಹದಿನಾಲ್ಕನೇ ಕಲಮಿಗೆ ಒಂದು ಬಾಲ ಸೇರಿಸಿತು. ಯಾರೂ ಇಲ್ಲದ ದೋಣಿ ಕೆರೆಯಲ್ಲಿ ಓಡಬಹುದು, ಆದರೆ ದಡದಲ್ಲಿ ಗುಂಡಿ ಒತ್ತುವವನು ಪರವಾನಗಿ ಇರುವ ಅಂಬಿಗನಾಗಿರಬೇಕು.

ಹಾಗಾಗಿ ಮೇಷ್ಟ್ರು ಅಂಬಿಗರ ಪರೀಕ್ಷೆಗೆ ಕೂರಬೇಕಾಯಿತು. ಹುಟ್ಟು ಹಾಕುವುದನ್ನು ಕಲಿಸಿದವನು ನಾನೇ. ಎಂಬತ್ತು ಹೆಜ್ಜೆ ದೂರದ ದೋಣಿಯನ್ನು ಬೆರಳ ತುದಿಯಲ್ಲಿ ಆಡಿಸುವ ಮನುಷ್ಯ, ಒಳಗೆ ಕೂತ ದೋಣಿಯಲ್ಲಿ ಗಾಣದೆತ್ತಿನ ಹಾಗೆ ಸುತ್ತಿದಲ್ಲೇ ಸುತ್ತಿದರು. ಏಪ್ರಿಲ್‌ನಲ್ಲಿ ಹೇಗೋ ಪಾಸಾದರು. ಶ್ನೆಪ್ ಪೆಟ್ಟಿಗೆ ತೆಗೆದು, ಖಾಲಿಯಿದ್ದ ಒಂದೇ ಬಿಲ್ಲೆಯನ್ನು ಅವರ ಕೋಟಿಗೆ ಚುಚ್ಚಿದರು. ಅದರ ಮೇಲೆ ಮೂರು ಎಂದಿತ್ತು.

ಮರುವರ್ಷ ಪೆಂಟೆಕೋಸ್ಟ್ ಸೋಮವಾರ ನಾನೂ ಲೋನಿಯೂ ಚೆಸ್ಟ್‌ನಟ್ ಮರದ ಕೆಳಗೆ, ಎಲ್ಲರ ಹಾಗೆ ಬಿಯರ್ ಕೊಂಡು ಕೂತೆವು. ದೋಣಿ ಒಂಟಿಯಾಗಿ ಹೊರಟಿತು. ಬಲಕ್ಕೆ ಹೊರಳಿತು, ಎಡಕ್ಕೆ ಹೊರಳಿತು, ಗಂಟೆ ಬಾರಿಸಿಕೊಂಡು ದಡಕ್ಕೆ ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಭ್ಯಾಸಬಲ, ನನ್ನ ಕೈ ತಲೆಯ ಕಡೆಗೆ ಎದ್ದಿತು. ಅಲ್ಲಿ ಟೋಪಿ ಇರಲಿಲ್ಲ.

ಎತ್ತಿದ ಕೈಯನ್ನು ಇಳಿಸಿ, ಇನ್ನೊಂದು ಕೈಗೆ ಸೇರಿಸಿ, ನಾನೂ ತಟ್ಟಿದೆ.